ಬಿಜಾಪುರದಲ್ಲಿ ಒಂದು ದಿನ: ಮೊದಲು ಯಾವುದನ್ನು ನೋಡೋಣ?

ಬಿಜಾಪುರವೆಂದರೆ ಗೋಲಗುಮ್ಮಟ ಎಂದು ನಮ್ಮ ಮಕ್ಕಳು ಶಾಲೆಯಲ್ಲೇ ಕಲಿತಿರುತ್ತಾರೆ. ಅದೊಂದನ್ನು ನೋಡಿ, ಮೇಲೆ ಹತ್ತಿ ಕೂಗಿ, ಫೋಟೋ ತೆಗೆದು ಮರಳುವ ಕುಟುಂಬಗಳೇ ಹೆಚ್ಚು. 2014ರಲ್ಲಿ ವಿಜಯಪುರವೆಂದು ಹೆಸರು ಬದಲಾದ ಈ ನಗರದಲ್ಲಿ ನಿಮಗೆ ಒಂದೇ ದಿನ ಸಿಕ್ಕರೆ ಏನನ್ನು ನೋಡುವಿರಿ? ಅಜ್ಜಿಯ ಮಂಡಿನೋವು, ಮಕ್ಕಳ ಆಟ, ನಮಾಝಿನ ಸಮಯ ಎಲ್ಲವನ್ನೂ ಲೆಕ್ಕಹಾಕಿಯೇ ಹೊರಡಬೇಕಲ್ಲವೇ?

ಮಕ್ಕಳಿದ್ದರೆ ಬೆಳಿಗ್ಗೆಯೇ ಗೋಲಗುಮ್ಮಟಕ್ಕೆ ಹೋಗಿ. ಇದು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಹೊರಗಿನಿಂದ ಅಳೆದರೆ ಗುಮ್ಮಟದ ವ್ಯಾಸ ಸುಮಾರು 44 ಮೀಟರ್. ಒಳಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹೆಣೆದುಕೊಂಡ ಕಮಾನುಗಳೇ ಆ ಭಾರವನ್ನು ಹೊತ್ತಿವೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಮೆಲ್ಲನೆ ಆಡಿದ ಮಾತು ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಅಲ್ಲಿಗೆ ಕಿರಿದಾದ, ಕಡಿದಾದ ಮೆಟ್ಟಿಲುಗಳನ್ನು ಏರಬೇಕು. ಹಿರಿಯರನ್ನು ಕೆಳಗೇ ಕೂರಿಸುವುದು ಒಳ್ಳೆಯದು. ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳಿ: ಕೆಳಗೆ ಕಬರ್‌ಗಳಿವೆ, ಪಿಸುಮಾತು ಸಾಕು, ಕೂಗಾಟ ಬೇಡ.

ಹಿರಿಯರಿಗೆ ಹೆಚ್ಚು ಒಗ್ಗುವುದು ಇಬ್ರಾಹಿಂ ರೋಜಾ. ಗೋಲಗುಮ್ಮಟ ಗಾತ್ರದಿಂದ ಬೆರಗುಗೊಳಿಸಿದರೆ, ಇದು ಕುಸುರಿ ಕೆಲಸದಿಂದ ಮನಸ್ಸನ್ನು ತಣಿಸುತ್ತದೆ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್ ಶಾಹನ ಸಮಾಧಿಯಿದು. ರಾಣಿ ತಾಜ್ ಸುಲ್ತಾನಾಳಿಗಾಗಿ ಇದರ ಕೆಲಸ ಆರಂಭವಾಯಿತೆಂದು ಹೇಳುತ್ತಾರೆ. ಅವಳೂ, ಇಬ್ರಾಹಿಮನ ತಾಯಿಯೂ ಇಲ್ಲೇ ಇದ್ದಾರೆ. ಒಂದೇ ಜಗಲಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿ ನಿಂತಿವೆ. ಕಿಟಕಿಯ ಕಲ್ಲಿನಲ್ಲಿ ಅರಬಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಮದ್ರಸಾದಲ್ಲಿ ಓದುವ ಮಕ್ಕಳಿಗೆ ಒಂದೊಂದೇ ಅಕ್ಷರ ಗುರುತಿಸಲು ಹೇಳಿ ನೋಡಿ, ಅವರು ಅಲ್ಲಿಂದ ಕದಲುವುದಿಲ್ಲ!

ಮಧ್ಯಾಹ್ನದ ನಮಾಝಿನ ಹೊತ್ತಿಗೆ ಜಾಮಿಯಾ ಮಸೀದಿ ತಲುಪುವಂತೆ ಹೊರಡಿ. 1580ರವರೆಗೆ ಆಳಿದ ಮೊದಲನೇ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ಈ ಮಸೀದಿಯ ಮಿನಾರಗಳು ಪೂರ್ಣಗೊಳ್ಳಲೇ ಇಲ್ಲ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದರಂತೆ ಮುಸಲ್ಲಾದ ಆಕಾರದ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಗುರುತಿಸಲಾಗಿದೆ. ಉಳಿದವು ನೋಡುವ ಕಟ್ಟಡಗಳು. ಇಲ್ಲಿ ಇಂದಿಗೂ ಸಜ್ದಾ ನಡೆಯುತ್ತಿದೆ.

ಸಂಜೆಗೆ ತಾಜ್ ಬಾವಡಿಯನ್ನು ಉಳಿಸಿಕೊಳ್ಳಿ. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. 1620ರಲ್ಲಿ ಅದೇ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ ದೊಡ್ಡ ಬಾವಿಯಿದು. ಸುತ್ತ ದಾರಿಹೋಕರು ತಂಗಲು ಕೋಣೆಗಳಿದ್ದವು. ಮಳೆ ಕಡಿಮೆಯಿರುವ ಈ ಬಿಸಿಲ ನಾಡಿನಲ್ಲಿ ಒಂದು ಬಾವಿಯ ಬೆಲೆ ಏನೆಂದು ಕೊಡ ಹೊತ್ತವರಿಗೇ ಗೊತ್ತು.

ಎರಡನ್ನೇ ನೋಡಲು ಸಮಯವಿದ್ದರೆ ನನ್ನ ಸಲಹೆ ಇಬ್ರಾಹಿಂ ರೋಜಾ ಮತ್ತು ತಾಜ್ ಬಾವಡಿ. ಒಬ್ಬಳೇ ರಾಣಿಯ ಹೆಸರು ಎರಡು ಕಡೆ ಉಳಿದಿದೆ: ಒಂದು ಕಡೆ ಅವಳ ಕಬರ್‌ನ ಮೇಲೆ, ಇನ್ನೊಂದು ಕಡೆ ಜನ ನೀರು ಕುಡಿದ ಬಾವಿಯ ಮೇಲೆ. ಸತ್ತ ನಂತರವೂ ಪುಣ್ಯ ತಲುಪಿಸುವ ಸದಕಾ ಜಾರಿಯಾದ ಬಗ್ಗೆ ಮನೆಯಲ್ಲಿ ನಾವು ಎಷ್ಟೋ ಸಲ ಹೇಳುತ್ತೇವೆ. ಬಾವಡಿಯ ಮೆಟ್ಟಿಲ ಮೇಲೆ ಮಕ್ಕಳನ್ನು ಕೂರಿಸಿ, ಈ ಎರಡರಲ್ಲಿ ಯಾವುದು ದೊಡ್ಡದೆಂದು ಕೇಳಿ. ಉತ್ತರವನ್ನು ಅವರೇ ಹೇಳಲಿ.