ಪುಷ್ಯ ಮಳೆಯಲ್ಲಿ ಶೃಂಗೇರಿಯ ದಾರಿ

ಮಲೆನಾಡಿನ ಮಳೆಯನ್ನು ಜಗಲಿಯಲ್ಲಿ ಕುಳಿತು ನೋಡುವುದು ಒಂದು ಸುಖ. ಅದರ ನಡುವೆ ಹಾದು ಊರು ಸೇರುವುದು ಬೇರೆಯೇ ಒಂದು ವಿದ್ಯೆ. ಈ ವಿದ್ಯೆಯಲ್ಲಿ ನಾವೆಷ್ಟು ಎಳೆಯರೆಂಬುದು ಕಳೆದ ಪುಷ್ಯ ಮಳೆಯಲ್ಲಿ ನಮಗೆ ಅರಿವಾಯಿತು. ಕಾರ್ಕಳದಲ್ಲಿ ನಮ್ಮ ಸೋದರಮಾವನವರ ವರ್ಷಾಬ್ದಿಕವಿದ್ದಿತು. ತಮ್ಮನ ಕಾರ್ಯಕ್ಕೆ ಹೋಗಲೇಬೇಕೆಂದು ನಮ್ಮ ತಾಯಿಯವರ ಹಂಬಲ. ಅವರನ್ನು ಕರೆದುಕೊಂಡು ಬಾಡಿಗೆಯ ಕಾರಿನಲ್ಲಿ ನರಸಿಂಹರಾಜಪುರದಿಂದ ಹೊರಟೆವು.

ಹಿಂದೆ ಎಡೇಹಳ್ಳಿಯೆನಿಸಿದ್ದ ಆ ಊರಿನ ಬಳಿ ಭದ್ರೆಯ ಹಿನ್ನೀರು ಮೋಡದ ಬಣ್ಣವನ್ನೇ ಹೊದ್ದು ಮಲಗಿದ್ದಿತು. ಕೊಪ್ಪವನ್ನು ದಾಟಿದಂತೆ ಕಣಿವೆಯ ತಳದಲ್ಲಿ ಅಡಿಕೆಯ ತೋಟಗಳು, ಮೇಲೆ ಸೊಪ್ಪಿನಬೆಟ್ಟಗಳು, ಎಲ್ಲೆಲ್ಲಿಯೂ ನೀರಿನ ಸದ್ದು. ಸಂಜೆ ಶೃಂಗೇರಿಯನ್ನು ಸೇರಿದಾಗ ತುಂಗೆ ಕೆಂಪಾಗಿ ಹರಿಯುತ್ತಿದ್ದಳು. ಸ್ನಾನಘಟ್ಟದ ಕಪ್ಪೆ ಶಂಕರನ ಗುಡಿ ಮುಳುಗಿದ್ದಿತು. ನದಿಯ ಏರಿಕೆಗೆ ಊರವರಿಗೆ ಅದೇ ಒಂದು ಅಳತೆ. ಹವಾಮಾನ ಇಲಾಖೆಯವರ ಕೆಂಪು ಎಚ್ಚರಿಕೆಯೂ ಬಂದಿದ್ದಿತು. 24 ಗಂಟೆಗಳಲ್ಲಿ 204 ಮಿಲಿಮೀಟರಿಗೂ ಮಿಕ್ಕ ಮಳೆ ಬರಬಹುದೆಂಬುದು ಅದರ ಅರ್ಥ.

ನಮಗೆ ಆಶ್ರಯವಿತ್ತವರು ಅಡಿಕೆ ಬೆಳೆಗಾರರಾದ ಒಬ್ಬ ಹಿರಿಯರು. ಬೆಳಗಾಗುವಷ್ಟರಲ್ಲಿ ಮಳೆ ನಿಂತು ಎಳೆಬಿಸಿಲು ಕಾಣಿಸಿತು. ನಾವು ಸಂತೋಷದಿಂದ, "ಮಳೆ ಬಿಟ್ಟಿತು, ಹೊರಡುತ್ತೇವೆ" ಎಂದೆವು. ಅವರು ನಕ್ಕು, "ಮಳೆ ಬಿಟ್ಟಿತು ಮಾರಾಯ್ರೇ, ಗುಡ್ಡ ಕುಡಿದ ನೀರು ಎಲ್ಲಿ ಬಿಟ್ಟಿತು?" ಎಂದರು.

ಆ ಮಾತಿನಲ್ಲಿ ವಿಷಯವೆಲ್ಲ ಅಡಗಿದೆ. ಇಲ್ಲಿಯ ಗುಡ್ಡಗಳ ಮೇಲೆ ನೀರನ್ನು ಹೀರುವ ಕೆಂಪು ಜಂಬಿಟ್ಟಿಗೆ ಮಣ್ಣು. ಕೆಳಗೆ ಅನೇಕ ಕಡೆ ನುಣುಪಾದ ಶೇಡಿ ಮಣ್ಣು. ದಿನಗಟ್ಟಲೆ ಇಳಿದ ನೀರು ಶೇಡಿಯ ಮೇಲೆ ನಿಂತಾಗ, ಮೇಲಿನ ಮಣ್ಣು ಭಾರವೂ ಆಗಿ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಹಿಮಾಲಯದಲ್ಲಿಯೂ ದುರ್ಬಲವಾದ ಹಳೆಯ ಪದರದ ಮೇಲೆ ಹೊಸ ಹಿಮ ಬಿದ್ದು ಇದೇ ಬಗೆಯಾಗಿ ಜಾರುತ್ತದೆ. ಆದುದರಿಂದ ಅಪಾಯವನ್ನು ಈಗ ಬೀಳುವ ಹನಿಯಿಂದ ಅಳೆಯಬಾರದು. ಹಿಂದಿನ ದಿನಗಳ ಮಳೆಯಿಂದ ಅಳೆಯಬೇಕು. 2018ರಲ್ಲಿ ಕೊಡಗಿನಲ್ಲಿಯೂ 2019ರಲ್ಲಿ ನಮ್ಮ ಜಿಲ್ಲೆಯ ಮೂಡಿಗೆರೆ ಸೀಮೆಯಲ್ಲಿಯೂ ಗುಡ್ಡಗಳು ಕುಸಿದುದನ್ನು ಯಾರು ಮರೆತಾರು?

ಹೊರಟೇ ತೀರುವೆವೆಂದಾಗ ಹಿರಿಯರು ನಾಲ್ಕು ಗುರುತುಗಳನ್ನು ಹೇಳಿಕೊಟ್ಟರು: ತಿಳಿಯಾಗಿ ಬರುತ್ತಿದ್ದ ಒರತೆ ಕದಡುವುದು, ಹರಿಯುತ್ತಿದ್ದ ಹಳ್ಳ ಮಳೆಯಲ್ಲಿಯೇ ಹಠಾತ್ತನೆ ಬತ್ತುವುದು, ನೆಟ್ಟಗಿದ್ದ ಮರ, ಕಂಬಗಳು ವಾಲುವುದು, ಧರೆಯ ನೆತ್ತಿಯಲ್ಲಿ ಬಿರುಕು ಬಿಡುವುದು. "ಒಂದನ್ನು ಕಂಡರೂ ಧರೆಯ ಕೆಳಗೆ ನಿಲ್ಲಬೇಡಿ" ಎಂದರು.

ನೆಮ್ಮಾರನ್ನು ದಾಟಿ ಕೆರೆಕಟ್ಟೆಯ ಕಡೆಗೆ ಹೋಗುತ್ತಿರುವಾಗ, ಒಂದು ಕಡೆ ತುಂಗೆ, ಇನ್ನೊಂದು ಕಡೆ ರಸ್ತೆಗಾಗಿ ಕಡಿದ ಧರೆ. ಒಂದು ತಿರುವಿನಲ್ಲಿ ಧರೆಯ ಬುಡದಿಂದ ಕೆಮ್ಮಣ್ಣಿನ ನೀರು ಚಿಮ್ಮುತ್ತಿದ್ದಿತು. ತಲೆಯೆತ್ತಿ ನೋಡಿದರೆ, ಮೇಲಿನ ಮರವೊಂದು ರಸ್ತೆಯ ಕಡೆಗೆ ಬಾಗಿ, ಅದರ ಬೇರಿನ ಹಿಂದೆ ನೇಗಿಲು ಎಳೆದಂತೆ ಮಣ್ಣು ಸೀಳಿದ್ದಿತು. ಕಾರು ಆಗಲೇ ನಿಂತಿದ್ದಿತು. ನಮ್ಮ ಮುಂದಿದ್ದ ಜೀಪು ಸುಖವಾಗಿ ದಾಟಿಹೋಯಿತು. "ಎರಡು ನಿಮಿಷದ ದಾರಿ, ದಾಟಿಬಿಡೋಣ ಸಾರ್" ಎಂದನು ಚಾಲಕ. ಕಾರ್ಯಕ್ಕೆ ಹೊತ್ತಾಗುತ್ತಿದ್ದಿತು. ದಾಟಿದ ಜೀಪು ನಮಗೆ ಧೈರ್ಯವನ್ನೂ ಕೊಟ್ಟಿತೆಂದು ಒಪ್ಪಿಕೊಳ್ಳಬೇಕು.

ಆಗ ತಾಯಿಯವರು, "ಹೋದವನ ಕಾರ್ಯಕ್ಕೆಂದು ಇರುವವರನ್ನು ಕಳೆದುಕೊಳ್ಳುವುದೇ? ತಿರುಗಿಸು, ಮಗೂ" ಎಂದರು. ಹಂಬಲವಿದ್ದವರೇ ಬೇಡವೆಂದ ಮೇಲೆ ನಮಗೆ ಮಾತಿರಲಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು, ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿಯ ಕಡೆಗೆ ತಳ್ಳಿದ್ದು ನೆನಪಾಯಿತು. ಅಲ್ಲಿಯೂ ಅದಕ್ಕೆ ಮೊದಲು ಎಷ್ಟು ವಾಹನಗಳು ಸುಖವಾಗಿ ದಾಟಿರಲಿಲ್ಲ! ಹಿಂದಕ್ಕೆ ಸರಿದು, ಮೊದಲು ಸಿಕ್ಕಿದ ಊರಿನಲ್ಲಿ ಕಂಡದ್ದನ್ನು ತಿಳಿಸಿ, ಶೃಂಗೇರಿಗೆ ಮರಳಿದೆವು.

ವಾಚಕರು ಕೇಳಬಹುದು: ಆ ಧರೆ ಕುಸಿಯಿತೇ? ಆ ದಿನ ಕುಸಿಯಲಿಲ್ಲ. ಅನೇಕರು ದಾಟಿ ಕಾರ್ಕಳವನ್ನು ಸೇರಿದರು. ಹಾಗಾದರೆ ನಮ್ಮ ತೀರ್ಮಾನ ತಪ್ಪೇ? ಅಲ್ಲವೆಂದೇ ನಮ್ಮ ನಂಬಿಕೆ. ಧರೆ ಬೀಳುವ ಗಳಿಗೆಯನ್ನು ಬಲ್ಲವರಿಲ್ಲ. ಗುರುತನ್ನು ಕಂಡು ನಡೆಯುವುದಷ್ಟೇ ಮನುಷ್ಯನ ಕೈಯಲ್ಲಿರುವುದು. ಬೀಳಲಿಲ್ಲವೆಂದು ನಾಚಿಕೊಂಡರೆ ಮುಂದಿನ ಸಲ ಗುರುತನ್ನು ಕಂಡೂ ಕಾಣದಂತೆ ದಾಟುವೆವು.

ಆ ಸಂಜೆ ತಾಯಿಯವರು ಹಿರಿಯರ ಮನೆಯಲ್ಲಿಯೇ ತಮ್ಮನ ಹೆಸರಿನಲ್ಲಿ ಒಂದು ದೀಪವನ್ನು ಹಚ್ಚಿಟ್ಟರು. ಹೊರಗೆ ಮಳೆ ಮತ್ತೆ ಹಿಡಿದುಕೊಂಡಿತು. ಪುಷ್ಯ ಮಳೆಯಲ್ಲಿ ಈ ಸೀಮೆಗೆ ಹೊರಡುವ ಸಂಸಾರಸ್ಥರು ಕೊಡೆ ಕಂಬಳಿಗಳೊಡನೆ, ಹಿಂದಿರುಗುವುದಕ್ಕೂ ಒಂದು ದಿನವನ್ನು ಕೈಯಲ್ಲಿಟ್ಟುಕೊಂಡು ಹೊರಡಲಿ.