ಅರುಂಧತಿಯೂ ಅರುವತ್ತರ ಕಣ್ಣೂ

ವಿವಾಹಕಾಲದಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಪದ್ಧತಿಯನ್ನು ವಾಚಕರೆಲ್ಲರೂ ಬಲ್ಲರು. ಅರುಂಧತಿಯು ಸೂಕ್ಷ್ಮತಾರೆಯಾದುದರಿಂದ ಮೊದಲು ಸಮೀಪದ ದೊಡ್ಡ ತಾರೆಯನ್ನು ತೋರಿಸಿ ಅನಂತರ ಅವಳನ್ನು ತೋರಿಸಬೇಕು. ಶಾಸ್ತ್ರಜ್ಞರು ಇದನ್ನೇ ಸ್ಥೂಲಾರುಂಧತೀನ್ಯಾಯವೆಂದು ಕರೆದರು.

ಆದರೆ ಈ ತಾರೆಯನ್ನು ಕಾಣಲಾರದವನು ಗತಾಯುವೆಂದು ಸುಶ್ರುತಸಂಹಿತೆಯಲ್ಲಿ ಹೇಳಿದೆ. ವೃದ್ಧರಿರುವ ಮನೆಯಲ್ಲಿ ಈ ಮಾತು ಎಷ್ಟು ವ್ಯಥೆಯನ್ನು ತರಬಲ್ಲುದು! ಆದುದರಿಂದ ಕಣ್ಣಿನ ಶಕ್ತಿ ಎಷ್ಟೆಂಬುದನ್ನು ವಿಚಾರಮಾಡುವುದು ಯುಕ್ತ.

ವಸಿಷ್ಠನಿಗೂ ಅರುಂಧತಿಗೂ ನಡುವಣ ಅಂತರವು ಸುಮಾರು 12 ಕಲೆಗಳು. ಆರೋಗ್ಯವಾದ ಕಣ್ಣು 1 ಕಲೆಯ ಅಂತರವನ್ನೂ ಬಿಡಿಸಿ ನೋಡಬಲ್ಲುದು. ಹಾಗಿದ್ದರೂ ಅವಳು ಮರೆಯಾಗುವುದೇಕೆ? ವಸಿಷ್ಠನ ಪ್ರಕಾಶವು ಅವಳದಕ್ಕಿಂತ ಸುಮಾರು 6 ಪಟ್ಟು ಹೆಚ್ಚು, ಅವಳದು ಮಂದಪ್ರಕಾಶ. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಹದಗೊಳ್ಳಲು ಅರ್ಧ ಗಂಟೆಯಾದರೂ ಬೇಕು. ನಡುವೆ ಮೊಬೈಲಿನ ಬೆಳಕು ಒಮ್ಮೆ ಬಿದ್ದರೂ ಆ ತಪಸ್ಸು ಭಂಗವಾಗುವುದು. ಯೌವನದಲ್ಲಿ ಕಣ್ಣಿನ ಪಾಪೆಯು ಕತ್ತಲೆಯಲ್ಲಿ ಸುಮಾರು 7 ಮಿಲಿಮೀಟರು ಅಗಲವಾಗುವುದು. ನಮ್ಮಂತೆ ಅರುವತ್ತನ್ನು ಮುಟ್ಟಿದವರಲ್ಲಿ ಅದು 5 ಮಿಲಿಮೀಟರಿಗೆ ಇಳಿಯುವುದು ಸಾಮಾನ್ಯ. ಲೆಕ್ಕ ಹಾಕಿದರೆ ಒಳಗೆ ಹೋಗುವ ಬೆಳಕು ಅರ್ಧದಷ್ಟೇ ಆಯಿತು. ಇದರ ಮೇಲೆ ಪೊರೆಯೂ ಬಂದರೆ ಹೇಳತಕ್ಕುದೇನು!

ನಮ್ಮ ಅಕ್ಕನವರ ವಿಷಯದಲ್ಲಿ ಹೀಗೆಯೇ ಆಯಿತು. ಕಳೆದ ವರ್ಷದ ವೈಶಾಖದಲ್ಲಿ ಮೊಮ್ಮಗಳ ಮದುವೆಯ ರಾತ್ರಿ ಎಲ್ಲರೂ ಅರುಂಧತಿಯನ್ನು ಕಂಡರು. ಅವರಿಗೆ ಮಾತ್ರ ಕಾಣಿಸಲಿಲ್ಲ. ಮರುದಿನದಿಂದ ಅವರು ಊಟವನ್ನು ಕಡಿಮೆಮಾಡಿದರು. ತಮ್ಮ ಒಡವೆಗಳನ್ನು ಸೊಸೆಯರಿಗೆ ಹಂಚತೊಡಗಿದರು. ನಾವು ವಾದಿಸಲಿಲ್ಲ, ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಎರಡು ಕಣ್ಣುಗಳಲ್ಲಿಯೂ ಪೊರೆ ಬಲಿತಿತ್ತು. ಶಸ್ತ್ರಕ್ರಿಯೆಯಾಗಿ, ತಕ್ಕ ಕನ್ನಡಕವೂ ಬಂದ ಮೇಲೆ, ಈ ಚೈತ್ರದಲ್ಲಿ ಮಹಡಿಯ ದೀಪವನ್ನು ಆರಿಸಿ, ಬಹಳ ಹೊತ್ತು ಕತ್ತಲೆಯಲ್ಲಿ ಕುಳಿತು, ಮೊದಲು ವಸಿಷ್ಠನನ್ನು ತೋರಿಸಿದೆವು. “ಅಲ್ಲವೋ ತಮ್ಮಾ, ಇವಳು ಇಲ್ಲಿಯೇ ಇದ್ದಳಲ್ಲ!” ಎಂದರು.

ಇನ್ನೂ ಮಂದವಾದ ತಾರೆಗಳನ್ನು ನೋಡಬಯಸುವವರು ನೆಟ್ಟನೋಟವನ್ನು ಬಿಟ್ಟು ಓರೆನೋಟವನ್ನು ಅಭ್ಯಾಸಮಾಡಬೇಕು. ಮಸುಕು ಬೆಳಕನ್ನು ಗ್ರಹಿಸುವ ಕಣಗಳು ಅಕ್ಷಿಪಟದ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಹಾಗೆ ಕಂಡ ತಾರೆಗಳಲ್ಲಿ ಬಣ್ಣವು ಮಾತ್ರ ತೋರದು.

ಕೊನೆಗೊಂದು ಮಾತು. ಗತಾಯುವಿನ ಲಕ್ಷಣವನ್ನು ಹೇಳಿದ ಅದೇ ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ, ಲಿಂಗನಾಶವೆಂಬ ಹೆಸರಿನಿಂದ ಕಣ್ಣಿನ ಪೊರೆಗೆ ಶಲಾಕೆಯ ಚಿಕಿತ್ಸೆಯೂ ಉಕ್ತವಾಗಿದೆ. ಗ್ರಂಥವನ್ನು ಗೌರವಿಸುವವರು ಎರಡನ್ನೂ ಓದತಕ್ಕದ್ದು. ಮನೆಯ ಹಿರಿಯರು ಅರುಂಧತಿಯು ಕಾಣಲಿಲ್ಲವೆಂದರೆ ಗೃಹಸ್ಥರು ಪಂಚಾಂಗವನ್ನು ತೆರೆಯದೆ ವೈದ್ಯರ ಬಾಗಿಲನ್ನು ತಟ್ಟಲಿ.