ಕಾರಿನ ಹಿಂದೊಂದು ಮನೆ

ಅಮೆರಿಕದಲ್ಲಿ ಮಗಳ ಸಂಸಾರದ ಜೊತೆ ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟಿದ್ದೆ. ಅವರ ಎಸ್‌ಯುವಿ ಕಾರಿನ ಹಿಂದೆ ಗಾಲಿಯ ಮೇಲೊಂದು ಪುಟ್ಟ ಮನೆ. ಒಲೆ, ಮಂಚ, ಬಚ್ಚಲು ಎಲ್ಲಾ ಉಂಟು. ಟ್ರೇಲರ್ ಅಂತಾರೆ. ನಾನೋ, ಅಕ್ಕಿ, ಗ್ರೈಂಡರು, ನೀರಿನ ಕ್ಯಾನು, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಹಿಂಬದಿಯ ಕಪಾಟಿಗೇ ತುಂಬಿಬಿಟ್ಟೆ!

ಕ್ಯಾಂಪ್ ವರ್ಡಿ ಕಡೆಯ ಇಳಿಜಾರಿನಲ್ಲಿ ಟ್ರೇಲರು ಕಟ್ಟಿದ ಕರು ಹಗ್ಗ ಜಗ್ಗುವಂತೆ ಅತ್ತಿತ್ತ ಓಲಾಡತೊಡಗಿತು. ನನಗೆ ಜೀವವೇ ಬಾಯಿಗೆ ಬಂತು. ಅಳಿಯ ಕಾರಿನ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್ ಬಿಟ್ಟು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಹಾಕಿದರು. ಓಲಾಟ ನಿಂತಿತು.

“ಅತ್ತೆ, ಭಾರ ಹಿಂದಾಯ್ತು” ಅಂದರು, ಅಷ್ಟೇ.

ನಮ್ಮೂರ ಎತ್ತಿನ ಗಾಡಿಯಲ್ಲೂ ಹಿಂದೆ ಭಾರವಾದರೆ ಮೂಕಿ ಮೇಲೇಳುವುದಿಲ್ಲವೇ? ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕಾರಿನ ಕೊಂಡಿಯ ಮೇಲೆ ಕೂರಬೇಕಂತೆ. ಕಡಿಮೆಯಾದರೆ ಓಲಾಟ, ವಿಪರೀತವಾದರೆ ಕಾರಿನ ಹಿಂಬದಿ ಕುಸಿದು, ಮುಂಗಾಲಿ ಹಗುರಾಗಿ, ಸ್ಟೀರಿಂಗ್ ಮಾತು ಕೇಳದು. ರಸ್ತೆ ಬದಿಯಲ್ಲೇ ಭಾರದ್ದನ್ನೆಲ್ಲ ಗಾಲಿಗಿಂತ ಮುಂದಕ್ಕೆ, ನೆಲದ ಮೇಲೇ ಜೋಡಿಸಿದೆವು.

ಕೊಂಡಿಯ ಕೆಳಗೆ ಎರಡು ಸರಪಳಿ ಕತ್ತರಿಯಂತೆ ಹಾಯ್ದಿರುತ್ತವೆ, ನೋಡಿ. ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ನೆಲಕ್ಕೆ ಬಡಿಯದಂತೆ ತೊಟ್ಟಿಲ ಹಾಗೆ ಹಿಡಿಯಲಿಕ್ಕೆ. ಮಗಳ ಮನೆಗೆ ಹೋದಾಗ ನೀವೂ ಹತ್ತುವ ಮುನ್ನ ಒಮ್ಮೆ ಬಗ್ಗಿ ನೋಡಿ, ಸಂಕೋಚ ಬೇಡ.

ರಾತ್ರಿ ಕಣಿವೆಯ ಬಳಿ ಬಿಸಿ ಅನ್ನ, ಸಾರು. ಉಪ್ಪಿನಕಾಯಿ ಇರಲಿಲ್ಲ, ಭರಣಿ ಒಡೆದಿತ್ತು.